ಸದ್ದು! ಒಳಗೆ ಡಿಸ್ಕು ಬರೀತಾ ಇದೆ

ಮೇಜಿನ ಮೇಲಿಟ್ಟಿದ್ದ ಲೋಟದಲ್ಲಿ ಟೀ ನಡುಗತೊಡಗಿದ್ದನ್ನು ನೋಡಿ ಕೆಂಪರಾಜುವಿನ ಎದೆಯೂ ಅದೇ ತಾಳಕ್ಕೆ ನಡುಗತೊಡಗಿತು.

ಮತ್ತಿಗಿರಿಯ ಅಂಚಿನಲ್ಲಿ, ಹೊಸ ಮನೆಗಳ ನಡುವೆ ಸಿಕ್ಕಿಕೊಂಡ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಅವನಿಗೆ ಕೆಲಸ. ಕಂಪ್ಯೂಟರಿನ ಹಾರ್ಡ್ ಡಿಸ್ಕುಗಳನ್ನು ಜೋಡಿಸುವ ಜಾಗ ಅದು. ಡಿಸ್ಕಿನೊಳಗೆ ಕನ್ನಡಿಯಂಥ ತಟ್ಟೆ ತಿರುಗುತ್ತಿರುತ್ತದೆ, ಅದರ ಮೇಲೆ ಓದುವ, ಬರೆಯುವ ಪುಟ್ಟದೊಂದು ಹೆಡ್ಡು ಓಡಾಡುತ್ತದೆ. ತಾನು ತಟ್ಟೆಯ ಯಾವ ಜಾಗದಲ್ಲಿದ್ದೇನೆಂದು ಹೆಡ್ಡಿಗೆ ತಿಳಿಯಬೇಕಾದರೆ ತಟ್ಟೆಯ ತುಂಬ ಗುರುತಿನ ಸುತ್ತುಗಳಿರಬೇಕು. ಅವನ್ನು ಬರೆಯುವುದಕ್ಕೇ ದೊಡ್ಡ ದೊಡ್ಡ ಮೆಷಿನ್ನುಗಳುಂಟು. ಆದರೆ ಈ ಫ್ಯಾಕ್ಟರಿಯಲ್ಲಿ ಡಿಸ್ಕುಗಳು ತಮ್ಮ ಸುತ್ತುಗಳನ್ನು ತಾವೇ ಬರೆದುಕೊಳ್ಳುತ್ತಿದ್ದವು. ಹೆಡ್ಡು ಒಂದು ತುದಿಗೆ ಒತ್ತಿ ನಿಂತು ಮೊದಲ ಸುತ್ತು ಬರೆಯುತ್ತದೆ. ಅದನ್ನು ಓದಿಕೊಂಡು ಅದರ ಪಕ್ಕಕ್ಕೆ ಎರಡನೆಯದು, ಎರಡನೆಯದನ್ನು ಓದಿಕೊಂಡು ಮೂರನೆಯದು. ಹೀಗೆ ತಟ್ಟೆ ತುಂಬುವ ತನಕ.

ಇದೆಲ್ಲ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡುತ್ತ ಕೂರುವುದು ಕೆಂಪರಾಜುವಿನ ಕೆಲಸ.

"ಬರ್ಯೋದು ಅದು, ಸಂಬ್ಳ ನಿಮ್ಗಾ?" ಎಂದು ಬಾಗಲೂರಿನ ಮನೆಯಲ್ಲಿ ಹೆಂಡತಿ ಶಶಿಕಲಾ ಕೇಳಿದ್ದಳು. "ಯಾರ್ಗೂ ಹೇಳ್ಬ್ಯಾಡಿ ಕಣ್ರೀ, ಕಣ್ಣು ಬಿದ್ದಾತು."

ಆದರೆ ನೋಡುತ್ತ ಕೂರುವುದೂ ಸುಲಭವಲ್ಲ. ಹಿಂದಿನ ತಿಂಗಳು ಲಾರಿಯೊಂದು ಹಿಂದಕ್ಕೆ ಬಂದು ಗೋಡೆಗೆ ಗುದ್ದಿತ್ತು. ಒಂದು ಸುತ್ತು ಅಲುಗಿತು. ಅದನ್ನು ನೋಡಿಕೊಂಡು ಬರೆದ ಮುಂದಿನ ಸುತ್ತು ಇನ್ನಷ್ಟು ಅಲುಗಿತು. ಕೊನೆಗೆ ಡಿಸ್ಕುಗಳನ್ನು ಜೋಡಿಸಿಟ್ಟ ಇಡೀ ರ‍್ಯಾಕು ಗುಜರಿಗೆ ಹೋಯಿತು. ಎಂಜಿನಿಯರ್ ಶ್ರೀವತ್ಸ ಬೈಯಲಿಲ್ಲ. ಕನ್ನಡಕ ಹಣೆಗೇರಿಸಿ ಒಮ್ಮೆ ಅವನನ್ನು ನೋಡಿದ, ಅಷ್ಟೆ. ಕಂಟ್ರಾಕ್ಟಿನ ಮೇಲಿರುವವನಿಗೆ ಆ ನೋಟ ಸಾಲದೆ? ಖಾಯಂ ಆಗುವ ಮಾತು ಅವತ್ತಿನಿಂದ ನೆನೆಗುದಿಗೆ ಬಿದ್ದಿತ್ತು.

ಇವತ್ತು ಬೆಳಿಗ್ಗೆ ಶ್ರೀವತ್ಸ ಹೊಸ ರ‍್ಯಾಕು ಶುರುಮಾಡಿ, "ಕೆಂಪರಾಜು, ಇದು ಬಹಳ ಮುಖ್ಯವಾದ ಟೆಸ್ಟು. ಸಾಯಂಕಾಲ ನೋಡೋದಕ್ಕೆ ಜನ ಬರ್ತಾರೆ. ಇದು ಗೆದ್ರೆ ನಿನ್ನ ವಿಷಯಾನೂ ಮಾತಾಡ್ತೀನಿ" ಎಂದು ಹೇಳಿ ಕಾರು ಹತ್ತಿ ಕೃಷ್ಣಗಿರಿಗೆ ಹೋಗಿದ್ದ. ಅವನ ಕಾರು ತಿರುವು ದಾಟಿತೋ ಇಲ್ಲವೋ, ಟೀ ನಡುಗತೊಡಗಿತು.

ಕೆಂಪರಾಜು ಹೊರಗೆ ಓಡಿ ಬಂದು ನೋಡಿದ. ಪಕ್ಕದ ಸೈಟಿನಲ್ಲಿ ಆನೆಯಂಥ ಬೋರ್‌ವೆಲ್ ಲಾರಿ ನಿಂತು ಗುಡುಗುಡು ಎನ್ನುತ್ತಿತ್ತು. ಅದರ ಹಣೆಗೆ ಕುಂಕುಮ, ಮುಂದೆ ಒಡೆದ ತೆಂಗಿನಕಾಯಿ. ಸೈಟಿನ ಯಜಮಾನ ಗುಂಡಣ್ಣ ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ನಿಂತಿದ್ದರು. ಹೊಸೂರಿನ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಅವರ ಕೈಲಿ ಕಿವಿ ಹಿಂಡಿಸಿಕೊಳ್ಳದವರು ಆ ಬೀದಿಯಲ್ಲಿ ಕಡಿಮೆ.

"ಸಾರ್, ನಿಲ್ಸಿ ಸಾರ್! ಸಾಯಂಕಾಲದ್ಗಂಟ ನಿಲ್ಸಿ!"

"ಯಾಕಪ್ಪ?"

"ಒಳ್ಗೆ ಬರೀತಾ ಅವೆ ಸಾರ್."

"ಯಾರು?"

"ಡಿಸ್ಕುಗಳು."

"ಏನನ್ನ?"

"ತಮ್ಮನ್ನ ತಾವೇ ಬರ್ಕೋತಾ ಅವೆ."

ಗುಂಡಣ್ಣನವರು ಅವನ ಬಾಯಿಯ ಹತ್ತಿರ ಮೂಗು ತಂದು ವಾಸನೆ ನೋಡಿದರು. ಏನೂ ಸಿಗಲಿಲ್ಲ. "ನೋಡಪ್ಪ, ನಾನು ಇಷ್ಟು ವರ್ಷ ಮೇಷ್ಟ್ರಾಗಿದ್ದೆ. ತಾನಾಗಿ ತಾನು ಬರೆಯೋ ಒಂದು ಪ್ರಾಣೀನೂ ನನಗೆ ಸಿಕ್ಕಲಿಲ್ಲ. ಮುಹೂರ್ತ ಮೀರ್ತಾ ಇದೆ. ಓಯ್, ಆರಂಭಿಂಗಪ್ಪಾ!" ಎಂದು ಲಾರಿಯವನಿಗೆ ತಮಿಳಿನಲ್ಲಿ ಕೂಗಿ, ಶುರುಮಾಡಲು ಕೈ ಬೀಸಿದರು.

ಕೊರೆಯುವ ಕಬ್ಬಿಣ ನೆಲಕ್ಕೆ ಮುಟ್ಟುವುದರಲ್ಲಿತ್ತು. ಕೆಂಪರಾಜುವಿಗೆ ಗುಜರಿಯೂ ಕನ್ನಡಕವೂ ಶಶಿಕಲಾಳ ಮುಖವೂ ಒಟ್ಟಿಗೇ ಕಂಡವು. ಅವನ ಬಾಯಿಂದ ಅವನಿಗೇ ತಿಳಿಯದಂತೆ ಮಾತು ಹೊರಬಿತ್ತು.

"ಪರೀಕ್ಷೆ ಸಾರ್! ಒಳ್ಗೆ ಪರೀಕ್ಷೆ ನಡೀತಾ ಐತೆ!"

ಗುಂಡಣ್ಣನವರ ಬೆನ್ನು ನೆಟ್ಟಗಾಯಿತು. "ಪರೀಕ್ಷೆನಾ? ಮೊದಲೇ ಹೇಳೋದಲ್ವೇನೋ! ನಿಲ್ಸುಂಗ! ನಿಲ್ಸುಂಗ!" ಎಂದು ಕೂಗುತ್ತ ಲಾರಿಗೆ ಅಡ್ಡ ನಿಂತರು.

"ಎನ್ನ ಸಾರ್, ಇಪ್ಪೋ ತಾನೇ..." ಎಂದು ತಮಿಳಿನಲ್ಲಿ ಗೊಣಗುತ್ತ ಲಾರಿಯವನು ಎಂಜಿನ್ ಆರಿಸಿದ. ಸಂಜೆಯ ತನಕ ಸುಮ್ಮನೆ ನಿಲ್ಲಲು ಅವನಿಗೇನು ಹುಚ್ಚೇ? ಅಂಚೆಟ್ಟಿಯಲ್ಲಿ ಬೇರೆ ಕೆಲಸವಿದೆಯೆಂದು ಹೊರಟೇಬಿಟ್ಟ.

ಕೆಂಪರಾಜು ಕೈ ಮುಗಿದು ಒಳಗೆ ಬಂದು ಬೆವರು ಒರೆಸಿಕೊಂಡ. ಟೀ ತಣ್ಣಗೆ, ಅಲುಗದೆ ಕೂತಿತ್ತು. ಆದರೆ ಪರೀಕ್ಷೆಯೆಂಬ ಮಾತು ಕಿವಿಗೆ ಬಿದ್ದ ಮೇಷ್ಟ್ರು ಮನೆಗೆ ಹೋಗಿ ಮಲಗುವವರೇ? ಸ್ವಲ್ಪ ಹೊತ್ತಿಗೆಲ್ಲ ಬೀದಿಯಿಂದ ಅವರ ಗಂಟಲು ಕೇಳಿಸಿತು.

"ಸದ್ದು! ಒಳಗೆ ಮಕ್ಕಳು ಬರೀತಾ ಇದ್ದಾರೆ!"

ಕಿಟಕಿಯಲ್ಲಿ ಇಣುಕಿದರೆ, ಮೇಷ್ಟ್ರು ಬೆತ್ತ ಹಿಡಿದು ರಸ್ತೆಯ ನಟ್ಟನಡುವೆ ನಿಂತಿದ್ದಾರೆ. ಎಲೆಕೋಸಿನ ಟೆಂಪೊ, ಫ್ಯಾಕ್ಟರಿಯ ಬಸ್ಸು, ಜಲ್ಲಿ ಹೊತ್ತ ಟ್ರ್ಯಾಕ್ಟರು ಸಾಲಾಗಿ ನಿಂತಿವೆ. ಹಿಂದಿನವರಿಗೆ ಮುಂದೆ ಏನಾಗಿದೆ ಎಂದು ಗೊತ್ತಿಲ್ಲ, ಹಾರನ್ ಹೊಡೆಯತೊಡಗಿದರು. ಹಾರನ್ ಹೊಡೆದವರನ್ನು ಗದರಿಸಲು ಮೇಷ್ಟ್ರು ಕಿರುಚಿದರು. ಗಲಾಟೆ ನೋಡಲು ಬಂದವರು ಫ್ಯಾಕ್ಟರಿಯ ಗೋಡೆಗೇ ಒರಗಿ ನಿಂತರು.

ಕೆಂಪರಾಜು ಮತ್ತೆ ಓಡಿದ. ಗೋಡೆಗೆ ಒರಗಿದವರನ್ನು ಬೇಡಿಕೊಂಡು ಸರಿಸಿದ, ಟ್ರ್ಯಾಕ್ಟರನ್ನು ಬೆಕ್ಕಿನ ಹೆಜ್ಜೆಯಲ್ಲಿ ದಾಟಿಸಿದ, ತಮಿಳಿನಲ್ಲೊಬ್ಬರಿಗೆ ತೆಲುಗಿನಲ್ಲೊಬ್ಬರಿಗೆ ಕೈ ಮುಗಿದ. ರಸ್ತೆ ಖಾಲಿಯಾಗುವಷ್ಟರಲ್ಲಿ ಅವನು ಹಿಂಡಿದ ಬಟ್ಟೆಯಂತಾಗಿದ್ದ.

ಅಷ್ಟರಲ್ಲಿ ಮೇಷ್ಟ್ರ ಹೆಂಡತಿ ಕಾಮಾಕ್ಷಮ್ಮ ಒಂದು ಬಿಂದಿಗೆ ನೀರುಮಜ್ಜಿಗೆ ಹೊತ್ತು ಬಂದರು. "ಪಾಪ, ಈ ಬಿಸಿಲಲ್ಲಿ ಮಕ್ಕಳು ಬರೀತಾ ಕೂತಿವೆಯಂತಲ್ಲಪ್ಪ. ಯಾವ ಕ್ಲಾಸು?"

"ಅದು... ಚಿಕ್ಕವೇ ಕಣಮ್ಮ."

"ಒಂದ್ಸಲಾನೂ ನೀರಿಗೆ ಬಿಟ್ಟಿಲ್ವೇನೋ? ಒಂದು ಸದ್ದೂ ಇಲ್ವಲ್ಲ!"

"ನೀರು ಅವಕ್ಕಾಗಲ್ಲಮ್ಮ."

"ನೀರಾಗದ ಮಕ್ಕಳು ಯಾವುವೋ!" ಎಂದು ಕಾಮಾಕ್ಷಮ್ಮ ಅವನನ್ನು ಬಿಂದಿಗೆಯಿಂದಲೇ ಪಕ್ಕಕ್ಕೆ ತಳ್ಳಿ ಒಳಗೆ ನುಗ್ಗಿದರು. ಹಿಂದೆಯೇ ಮೇಷ್ಟ್ರು. ಗಾಜಿನಾಚೆ ರ‍್ಯಾಕಿನ ತುಂಬ ಕಪ್ಪು ಡಬ್ಬಿಗಳು, ಒಂದೊಂದಕ್ಕೂ ಮಿಣುಕು ಹಸಿರು ದೀಪ. ಮಕ್ಕಳಿರಲಿ, ಒಂದು ಬೆಂಚೂ ಇರಲಿಲ್ಲ.

ಮೇಷ್ಟ್ರ ಮುಖ ಕೆಂಪಾಯಿತು. "ಸುಳ್ಳು ಹೇಳ್ದೆಯಾ? ನನ್ನ ಹತ್ರ? ಪರೀಕ್ಷೆ ಅಂತ?"

ಕೆಂಪರಾಜು ಅಳುವುದೊಂದು ಬಾಕಿ. "ತಪ್ಪಾಯ್ತು ಸಾರ್. ಆದ್ರೆ ಇವೂ ಬರೀತಾನೇ ಅವೆ ಸಾರ್, ದೇವ್ರಾಣೆ. ಮೇಲಿನ ಗೆರೆ ನೋಡ್ಕಂಡು ಕೆಳಗಿನ ಗೆರೆ, ಅದ್ನ ನೋಡ್ಕಂಡು ಇನ್ನೊಂದು. ಒಂದು ಗೆರೆ ಅಲುಗ್ತು ಅಂದ್ರೆ ಮುಂದಕ್ಕೆ ಎಲ್ಲಾ ಹಾಳು. ನನ್ ಕೆಲ್ಸಾನೂ ಹೋಯ್ತದೆ."

ಮೇಷ್ಟ್ರು ಬೆತ್ತ ಕೆಳಗಿಳಿಸಿದರು. ಗಾಜಿಗೆ ಮುಖ ಒತ್ತಿ ಬಹಳ ಹೊತ್ತು ಆ ದೀಪಗಳನ್ನೇ ನೋಡಿದರು.

"ಕಾಪಿ ಬರೆದ ಹಾಗೆ," ಎಂದರು ಮೆಲ್ಲಗೆ. "ಮೇಲೆ ನಾನು ದುಂಡಗೆ ಒಂದು ಸಾಲು ಬರೆದುಕೊಡ್ತಿದ್ದೆ. ಮಕ್ಕಳು ಅದನ್ನ ನೋಡಿ ಬರೀತಿರಲಿಲ್ಲ, ತಾವು ಬರೆದ ಹಿಂದಿನ ಸಾಲು ನೋಡಿ ಬರೀತಿದ್ವು. ಮೊದಲ ಸಾಲಲ್ಲಿ ಕೊಂಬು ಸ್ವಲ್ಪ ಸೊಟ್ಟಗಾದ್ರೆ, ಪುಟದ ಕೊನೇಲಿ ಅದು ಯಾವ ಭಾಷೇನೂ ಆಗಿರ್ತಿರಲಿಲ್ಲ." ಅವರ ಕಣ್ಣು ಒದ್ದೆಯಾಗಿತ್ತು. "ಎಷ್ಟು ಮುದ್ದಾಗಿ ಬರೀತಿವೆಯೋ! ಕಾಮಾಕ್ಷಿ, ಆ ಬಿಂದಿಗೆ ನಿಧಾನವಾಗಿ ಇಡು."

ಅಲ್ಲಿಂದ ಸಂಜೆಯವರೆಗೆ ಮೇಷ್ಟ್ರು ಗೇಟಿನ ಮುಂದೆ ಕುರ್ಚಿ ಹಾಕಿಕೊಂಡು ಕೂತರು. ಬೀದಿಯಲ್ಲಿ ಒಬ್ಬರೂ ಖಾರ ಕುಟ್ಟಲಿಲ್ಲ, ಬಟ್ಟೆ ಒಗೆಯಲಿಲ್ಲ. ನಾಯಿಗಳು ಕೂಡ ಮೇಷ್ಟ್ರ ಬೆತ್ತ ನೋಡಿ ಬೊಗಳುವುದನ್ನು ಮುಂದಕ್ಕೆ ಹಾಕಿದವು.

ಸಂಜೆ ಶ್ರೀವತ್ಸ ಅತಿಥಿಗಳೊಂದಿಗೆ ಬಂದು ಕಂಪ್ಯೂಟರಿನ ಮುಂದೆ ಕೂತ. ಪರದೆಯ ಮೇಲೆ ಒಂದೊಂದು ಡಿಸ್ಕಿನ ಗೆರೆಯೂ ಎಲ್ಲಿಯೂ ಅಲುಗಿದ ಗುರುತಿಲ್ಲದೆ ನೂಲು ಹಿಡಿದಂತೆ ನೇರವಾಗಿತ್ತು. ಕೆಂಪರಾಜು ಹೊಗಳಿಕೆಗೆ ಕಾದು ಒಂಟಿಕಾಲಲ್ಲಿ ನಿಂತ.

ಶ್ರೀವತ್ಸನ ಮುಖ ಇಳಿದುಹೋಯಿತು. "ಇದೇನಿದು? ಬೋರ್ ಲಾರಿ ಬರಲಿಲ್ವಾ?"

"ಬಂದಿತ್ತು ಸಾರ್! ಶುರು ಮಾಡಕ್ಕೆ ಮುಂಚೇನೇ ಓಡಿಸ್‌ಬುಟ್ಟೆ!"

"ಓಡಿಸಿದ್ಯಾ?" ಶ್ರೀವತ್ಸ ತಲೆಯ ಮೇಲೆ ಕೈಯಿಟ್ಟುಕೊಂಡ. "ಅಯ್ಯೋ ಕೆಂಪರಾಜು! ಒಂದು ಸುತ್ತು ಅಲುಗಿದ್ರೆ ಮುಂದಿನ ಸುತ್ತು ಅದನ್ನ ತಾನೇ ತಿದ್ದಿಕೊಂಡು ಬರೆಯೋ ಹಾಗೆ ಹೊಸದಾಗಿ ಮಾಡಿದ್ದೀನಿ. ಅದನ್ನ ಪರೀಕ್ಷೆ ಮಾಡಬೇಕಾದ್ರೆ ನೆಲ ಅಲುಗಬೇಕಲ್ವೇನೋ! ಮೇಷ್ಟ್ರು ಬೋರ್ ಹಾಕಿಸ್ತಾರೆ ಅಂತ ಕಾದು ಕಾದು ಇವತ್ತಿನ ದಿನ ಇಟ್ಟುಕೊಂಡಿದ್ದೆ!"

ಅತಿಥಿಗಳು ಗಡಿಯಾರ ನೋಡಿಕೊಂಡರು. ನಾಳೆ ಮಧ್ಯಾಹ್ನದವರೆಗೆ ಹೊಸೂರಿನಲ್ಲೇ ಇರುತ್ತೇವೆ, ಅಷ್ಟರೊಳಗೆ ತೋರಿಸಿದರೆ ಸರಿ ಎಂದರು. ಶ್ರೀವತ್ಸ ಕನ್ನಡಕವನ್ನು ಹಣೆಗೇರಿಸಿ ಕೆಂಪರಾಜುವನ್ನು ನೋಡಿದ.

ಕೆಂಪರಾಜು ಗೇಟಿಗೆ ಓಡಿದ. "ಸಾರ್, ಆ ಲಾರಿಯವ್ನಿಗೆ ಫೋನ್ ಮಾಡಿ ಸಾರ್! ನಾಳೆ ಬೆಳಿಗ್ಗೇನೇ ಬೋರ್ ಹಾಕ್ಸಿ! ಎಷ್ಟು ಬೇಕಾದ್ರೂ ಅಲ್ಲಾಡ್ಸಿ!"

ಗುಂಡಣ್ಣನವರು ಕುರ್ಚಿಯಿಂದೆದ್ದು ಅವನ ಹೆಗಲ ಮೇಲೆ ಕೈಯಿಟ್ಟರು. ಅವರ ಮುಖದಲ್ಲಿ ತಂದೆಯ ವಾತ್ಸಲ್ಯವಿತ್ತು.

"ನನಗೆ ಸಂಕೋಚ ಆಗುತ್ತೆ ಅಂತ ಹೀಗೆ ಹೇಳ್ತಿದ್ದೀಯ. ಗೊತ್ತಪ್ಪ ನನಗೆ. ಬೋರೇ ಬೇಡ ಅಂತ ಆಗಲೇ ಲಾರಿಯವನಿಗೆ ಹೇಳಿಬಿಟ್ಟೆ. ಮುನಿಸಿಪಾಲಿಟಿ ನೀರು ಸಾಕು ನಮಗಿಬ್ಬರಿಗೆ. ಬೀದಿಯವರನ್ನೆಲ್ಲ ಸೇರಿಸಿ ಮಾತಾಡಿದ್ದೀನಿ. ನಾನು ಬದುಕಿರೋವರೆಗೂ ಈ ಬೀದೀಲಿ ಒಂದು ಮೊಳೆ ಹೊಡೆಯೋದಕ್ಕೂ ಬಿಡೋದಿಲ್ಲ. ಹೋಗು, ನೆಮ್ಮದಿಯಾಗಿ ಬರೆಸು."