ನಾನು ಕರೆದ ಜಪಾನಿ ಸಾಕ್ಷಿ

ಬೇರೆಯವರು ಪಡುವ ಶ್ರಮದ ಬಗ್ಗೆ ನನಗೆ ಮೊದಲಿನಿಂದಲೂ ಅಪಾರ ಗೌರವ. ಮಿಕ್ಸರಿನ ಚಟ್ನಿಗೂ ಒರಳಿನ ಚಟ್ನಿಗೂ ಇರುವ ಅಂತರ ಕುರಿತು ಕುರ್ಚಿ ಬಿಟ್ಟೇಳದೆ ಅರ್ಧ ಗಂಟೆ ಮಾತಾಡಬಲ್ಲೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸಮಾಜವಿಜ್ಞಾನ ಕಲಿಸಿದವನಿಗೆ ಅದೇನು ಕಷ್ಟವಲ್ಲ. ಹೀಗಾಗಿ, ಹೆಂಡತಿ ಶಕುಂತಲಾಳ ಮಣಿಕಟ್ಟಿನ ನೋವು ನೋಡಿದ ಬಾಗಲಕೋಟೆಯ ಡಾಕ್ಟರು, ಆರು ತಿಂಗಳು ರೊಟ್ಟಿ ಬಡಿಯಬಾರದು ಎಂದಾಗ, ಆಕೆಗಿಂತ ಹೆಚ್ಚು ನೊಂದವನು ನಾನೇ. ಆಕೆ ಹತ್ತಿರದ ಗುಡೂರಿನ ಹೆಂಗಸೊಬ್ಬರು ಮಾಡಿ ಮಾರುವ ಖಡಕ್ ರೊಟ್ಟಿ ತರಿಸತೊಡಗಿದಳು. ನಾನು ತುತ್ತಿಗೊಂದು ನಿಟ್ಟುಸಿರು ಬಿಟ್ಟು ತಿನ್ನುತ್ತಿದ್ದೆ. ನಾಲ್ಕು ಮುಗಿಸಿಯೇ ಏಳುತ್ತಿದ್ದೆ, ಆ ಮಾತು ಬೇರೆ.

ಅದೇ ಹೊತ್ತಿಗೆ ಇಳಕಲ್ಲಿನ ನಮ್ಮ ಮನೆಯ ಮಹಡಿಯ ಕೋಣೆಗೆ ಯೋಕೊ ಬಾಡಿಗೆಗೆ ಬಂದಳು. ಜಪಾನಿನ ಹುಡುಗಿ, ಸೀರೆ ನೇಯ್ಗೆ ಕಲಿಯಲು ಬಂದವಳು. ಕನ್ನಡವನ್ನು ನೇಕಾರರ ಮನೆಯಲ್ಲೇ ಕಲಿತಿದ್ದಳು. ಅವಳ ದೇಶದಲ್ಲಿ ಅನ್ನದ ಕುಕ್ಕರು ಹಾಡು ಹೇಳುತ್ತದಂತೆ, ಬೀದಿಯ ಯಂತ್ರಕ್ಕೆ ನಾಣ್ಯ ಹಾಕಿದರೆ ಬಿಸಿ ಕಾಫಿಯ ಡಬ್ಬಿ ಉದುರುತ್ತದಂತೆ. ಅಂಥ ಸೌಕರ್ಯ ಬಿಟ್ಟು ಬಂದು, ಒಂದು ಗೇಣು ಸೆರಗಿಗಾಗಿ ದಿನವಿಡೀ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರುವವಳು. ಕೈಯಲ್ಲಿ ಮಾಡಿದ್ದೇ ಮೇಲು ಎಂಬ ನನ್ನ ಪಕ್ಷಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು ಎಂದುಕೊಂಡೆ.

ಒಂದು ರವಿವಾರ ಊಟಕ್ಕೆ ಕರೆದು, ಶಕುಂತಲಾಳಿಗೆ ಕೇಳಿಸುವಂತೆ, ಜಪಾನಿನಲ್ಲಿ ಕೈಯಡುಗೆಗೆ ಭಾರಿ ಬೆಲೆಯಂತಲ್ಲ ಎಂದು ಶುರುಮಾಡಿದೆ. ಯೋಕೊ ಹೌದೆಂದಳು. ಅವಳ ತಾಯಿ ದಿನಾ ಐದಕ್ಕೆ ಎದ್ದು ಶಾಲೆಯ ಬುತ್ತಿ ಕಟ್ಟುತ್ತಿದ್ದಳಂತೆ. ಅನ್ನದ ಉಂಡೆಗೆ ಮೊಲದ ಕಿವಿ, ಕಣ್ಣು, ಮೀಸೆ ಎಲ್ಲ ಆಗಬೇಕು. ಅಂಗಡಿಯಲ್ಲಿ ಸಿದ್ಧ ತಿನಿಸು ಬೇಕಾದಷ್ಟಿದ್ದರೂ ಅದನ್ನು ಡಬ್ಬಿಗೆ ಹಾಕಿದರೆ ಮೈಗಳ್ಳಿ ಎಂದು ಆಡಿಕೊಳ್ಳುತ್ತಿದ್ದರಂತೆ. ನಾನು ಹೆಂಡತಿಯತ್ತ ನೋಡಿ ತಲೆದೂಗಿದೆ.

"ಒಂದಿನ ಅವ್ವಗ ಜ್ವರ ಬಂದಿತ್ತು," ಎಂದಳು ಯೋಕೊ. "ಅಂಗಡಿ ವಡಿ ತಂದು ಡಬ್ಬ್ಯಾಗ ಇಟ್ಟಳು. ಖಾಲಿ ಪಾಕೀಟ ಕಸದ ಬುಟ್ಟ್ಯಾಗ ಸಿಪ್ಪಿ ಕೆಳಗ ಮುಚ್ಚಿದಳು. ನಾ ನೋಡಿದೆ. ಕಳವು ಮಾಡಿದವ್ರಂಗ ನಿಂತಿದ್ದಳ್ರಿ ಕಾಕಾ."

ನಿನ್ನ ಅಪ್ಪ ಏನನ್ನುತ್ತಿದ್ದರು ಎಂದು ಶಕುಂತಲಾ ಮೆಲ್ಲಗೆ ಕೇಳಿದಳು. ಕೈಯಡುಗೆಯಲ್ಲೇ ಪ್ರೀತಿ ಇರುವುದು ಎಂದು ಬಂದವರ ಮುಂದೆಲ್ಲ ಹೊಗಳುತ್ತಿದ್ದರಂತೆ. ಅಡುಗೆಮನೆಯ ದೀಪದ ಗುಂಡಿ ಎಲ್ಲಿದೆ ಎಂದು ಮಾತ್ರ ಅವರಿಗೆ ಗೊತ್ತಿರಲಿಲ್ಲವಂತೆ. ಈ ಮನುಷ್ಯ ನನಗೆ ಚೆನ್ನಾಗಿ ಪರಿಚಯದವನು ಎನ್ನಿಸಿತು.

ಶಕುಂತಲಾ ದನಿ ಏರಿಸಲಿಲ್ಲ. "ನಿಮಗೂ ಎರಡು ಕೈ ಅದಾವಲ್ರಿ," ಎಂದಳು. "ಡಾಕ್ಟರು ಅವಕ್ಕೇನೂ ಅಂದಿಲ್ಲ."

ಮರುದಿನ ಮುಂಜಾನೆ ಜೋಳದ ಹಿಟ್ಟಿನ ಪರಾತದ ಮುಂದೆ ಕೂತೆ. ಮೊದಲ ರೊಟ್ಟಿ ಹಂಚಿಗೆ ಹೋಗುವ ದಾರಿಯಲ್ಲೇ ಎರಡಾಯಿತು. ಎರಡನೆಯದು ಅಂಗೈ ಬಿಡಲೊಲ್ಲದು. ಐದನೆಯದರ ಹೊತ್ತಿಗೆ ಭುಜ ಸೋತು, ಇವಳು ಇಪ್ಪತ್ತೆಂಟು ವರ್ಷ ದಿನಕ್ಕೆ ಇಪ್ಪತ್ತರಂತೆ ಬಡಿದಿದ್ದಾಳೆ ಎನ್ನುವುದು ಹೊಳೆಯಿತು. ಗುಣಾಕಾರ ಮಾಡುವ ಧೈರ್ಯ ಬರಲಿಲ್ಲ. ಶಕುಂತಲಾ ನಗದೆ ನನ್ನ ಕೆಂಪಾದ ಅಂಗೈಗೆ ಕೊಬ್ಬರಿ ಎಣ್ಣೆ ಹಚ್ಚಿದಳು. ನಕ್ಕಿದ್ದರೇ ಹಗುರವಾಗುತ್ತಿತ್ತು.

ಈಗ ಪ್ರತಿ ರವಿವಾರ ನಾನೇ ಸ್ಕೂಟರಿನಲ್ಲಿ ಗುಡೂರಿಗೆ ಹೋಗಿ ರೊಟ್ಟಿ ತರುತ್ತೇನೆ. ಹೆಂಡತಿಗಾಗಿ ಬಿಸಿಲಲ್ಲಿ ಎಷ್ಟು ಕಷ್ಟಪಡುತ್ತಾರೆ ಮಾಸ್ತರು ಎಂದು ಓಣಿಯೆಲ್ಲ ಹೊಗಳುತ್ತದೆ. ಬಸ್ಸಿನವರಿಗೆ ಒಂದು ಮಾತು ಹೇಳಿದರೆ ರೊಟ್ಟಿಯ ಗಂಟು ನಮ್ಮ ಓಣಿಯ ಮೂಲೆಗೇ ಬಂದು ಇಳಿಯುತ್ತದೆ ಎಂಬುದನ್ನು ನಾನಿನ್ನೂ ಅವರಿಗೆ ಹೇಳಿಲ್ಲ.