ಅಪ್ಪನ ಕಣ್ಣಿಗೆ ಚಿಟ್ಟೆ ಪಟ್ಟಿ

ಸಿದ್ದಲಿಂಗೇಶನ ವಂಶಕ್ಕೇ ಕಳಂಕ ಬಂದಿತ್ತು. ಐದು ವರ್ಷದ ಮಗಳು ಶೀತಲ್‌ಳ ಬಲಗಣ್ಣು ಟಿವಿ ನೋಡುತ್ತಿದ್ದರೆ, ಎಡಗಣ್ಣು ಅಡುಗೆಮನೆಯಲ್ಲಿ ಏನು ಬೇಯುತ್ತಿದೆಯೆಂದು ವಿಚಾರಿಸುತ್ತಿತ್ತು.

"ನಮ್ಮ ಮನಿತನದಾಗ ಮೆಳ್ಳಗಣ್ಣ ಇಲ್ಲ. ಇದು ನಿನ್ನ ತವರಮನಿ ಕಡಿಂದ ಬಂದದ್ದು," ಎಂದು ಕುವೈತಿನ ಮಂಗಫ್‌ನ ಎರಡು ಕೋಣೆಯ ಸಾಮ್ರಾಜ್ಯದಲ್ಲಿ ಅವನು ಘೋಷಿಸಿದ.

"ಹೌದ್ರೀ. ಸಕ್ಕರಿ ಡಬ್ಬಿಗೆ ಇರುವಿ ಬಂದ್ರೂ ನನ್ನ ತವರಮನಿಂದನ ಬರತಾವು," ಎಂದಳು ಮಂಗಳಾ. ರೊಟ್ಟಿ ಬಡಿಯುವ ಸದ್ದು ಜೋರಾಯಿತು. (ಏಟು ಯಾರಿಗೆಂದು ಅವನಿಗೆ ಗೊತ್ತಿತ್ತು.)

ಮಂಗಳೂರು ಕಡೆಯ ಡಾಕ್ಟರ್ ಬ್ರೆಂಡಾ ಸ್ಪಷ್ಟವಾಗಿ ಹೇಳಿದ್ದರು: "ಕನ್ನಡಕ ಹಾಕಿ. ದಿನಾ ಸ್ವಲ್ಪ ಹೊತ್ತು ಬಲಗಣ್ಣು ಮುಚ್ಚಿ ಪಟ್ಟಿ ಅಂಟಿಸಿ, ಆಗ ಎಡಗಣ್ಣು ಕೆಲಸ ಕಲಿತದೆ. ಈಗ ಬಿಟ್ರೆ ದೊಡ್ಡವಳಾದ ಮೇಲೆ ಆ ದೃಷ್ಟಿ ವಾಪಸ್ ಬರುವುದಿಲ್ಲ ಮಾರಾಯ್ರೆ."

ಆದರೆ ಊರಿನಿಂದ ಅವನ ತಾಯಿ ಬಾಳಕ್ಕ ಫೋನಿನಲ್ಲಿ ತೀರ್ಪಿತ್ತಿದ್ದಳು: "ಮೆಳ್ಳಗಣ್ಣ ಅಂದ್ರ ಲಕ್ಷ್ಮಿ ಕಳೆ. ಮುಟ್ಟಬ್ಯಾಡ್ರಿ."

ಮಗನಿಗೆ ಈ ತೀರ್ಪೇ ಹಿತವಾಗಿತ್ತು. ಪಟ್ಟಿ ಅಂಟಿಸಿದರೆ ಕಂಪನಿ ಬಸ್ಸಿನವರೆಲ್ಲ ಮಗಳ ಕಣ್ಣಿಗೇನಾಯಿತೆಂದು ಕೇಳುತ್ತಾರಲ್ಲ!

"ನಿಮ್ಮ ಮಾನ ಉಳಿಸಾಕ ನನ್ನ ಮಗಳ ಕಣ್ಣು ಹೋಗಬೇಕೇನು?" ಮಂಗಳಾ ಹಿಟ್ಟಿನ ಕೈಯಲ್ಲೇ ಎದುರು ಬಂದಳು. "ಇವತ್ತ ಅಂಟಸ್ತೀನಿ. ಖಲಾಸ್!"

ಶೀತಲ್ ಮಂಚದಡಿ ಸೇರಿ ಸತ್ಯಾಗ್ರಹ ಹೂಡಿದಳು. ಬೇಡಿಕೆ ಒಂದೇ: "ಅಪ್ಪಾ ಫಸ್ಟ್!"

"ಇಷ್ಟ ಏನು?" ಎಂದು ಸಿದ್ದಲಿಂಗೇಶ ಚಿಟ್ಟೆ ಚಿತ್ರದ ಪಟ್ಟಿಯನ್ನು ತನ್ನ ಬಲಗಣ್ಣಿಗೆ ವೀರನಂತೆ ಅಂಟಿಸಿಕೊಂಡ.

ಅಷ್ಟರಲ್ಲಿ ಬೆಲ್ ಆಯಿತು. ಬಾಗಿಲಲ್ಲಿ ಹಿಮ್ಮಡಿಯವರೆಗೆ ಇಳಿಬಿದ್ದ ಬಿಳಿ ಅಂಗಿ. ತನ್ನ ರಿಫೈನರಿಯ ಅರಬ್ಬಿ ಮ್ಯಾನೇಜರ್! ಸಿದ್ದಲಿಂಗೇಶ ಸೊಂಟ ಬಗ್ಗಿಸಿ ಸಲಾಂ ಹೊಡೆದು, ಕೈ ಹಿಡಿದು ಸೋಫಾದ ಮೇಲೆ ಕೂರಿಸಿದ.

"ಮಂಗಳಾ, ಚಾ ಇಡು! ಸಾಹೇಬರು ಬಂದಾರ. ಏನೋ ದೊಡ್ಡ ಉಡುಗೊರಿನೂ ತಂದಾರ!"

ಮಂಗಳಾ ಇಣುಕಿದಳು. ಬಿಲ್ಡಿಂಗಿನ ಈಜಿಪ್ಟಿನ ವಾಚ್‌ಮನ್ ಸೋಫಾದ ತುದಿಯಲ್ಲಿ ಹೆದರಿ ಕೂತಿದ್ದ. ಉಡುಗೊರೆ ಗ್ಯಾಸ್ ಸಿಲಿಂಡರ್. ಅವಳು ಬಿದ್ದು ಬಿದ್ದು ನಕ್ಕಳು.

ಮಂಚದಡಿಯಿಂದ ಹೊರಬಂದ ಶೀತಲ್ ಡಾಕ್ಟರರಂತೆ ಕೈ ಎತ್ತಿದಳು. "ಅಪ್ಪಾ, ಹೌ ಮೆನಿ ಫಿಂಗರ್ಸ್?"

"ನಿನ್ನ ಕೈ ಎಲ್ಲೈತಿ?" ಎಂದ ಸಿದ್ದಲಿಂಗೇಶ.

ಮಂಗಳಾಳ ನಗು ಅಲ್ಲಿಗೇ ನಿಂತಿತು.

ಸಂಜೆ ಡಾಕ್ಟರ್ ಬ್ರೆಂಡಾ ಅವನ ಎಡಗಣ್ಣನ್ನು ಪರೀಕ್ಷಿಸಿ ತಲೆಯಾಡಿಸಿದರು. "ಇದು ಸಣ್ಣದಿರುವಾಗಲೇ ಹೋದದ್ದು. ಇಲ್ಲಿಗೆ ಬರುವಾಗ ಮೆಡಿಕಲ್‌ನಲ್ಲಿ ಹೇಗೆ ಪಾಸಾದ್ರಿ?"

"ಎರಡೂ ಕಣ್ಣಿಗೆ ಅದ ಅಕ್ಷರದ ಬೋರ್ಡ್ ತೋರಿಸಿದ್ರಿ ಮೇಡಂ. ಬಲಗಣ್ಣಿಲೆ ಓದಿದ್ದು ಬಾಯಿಪಾಠ ಇತ್ತು."

"ಮಗಳದ್ದು ಸರಿಯಾಗ್ತದೆ. ನಿಮ್ಮದಕ್ಕೆ ಹೊತ್ತು ಮೀರಿತು."

ಸಿದ್ದಲಿಂಗೇಶ ಮನೆಗೆ ಬಂದವನೇ ಮಗಳ ಕಣ್ಣಿಗೆ ತಾನೇ ಪಟ್ಟಿ ಅಂಟಿಸಿದ, ಅಂಚನ್ನು ಎರಡೆರಡು ಸಲ ಒತ್ತಿ.

ಮಂಗಳಾ ಫೋನಿನ ಸ್ಪೀಕರ್ ಹಾಕಿದಳು. "ಅತ್ತೀ, ನಿಮ್ಮ ಮಗನ ಎಡಗಣ್ಣು ಕಾಣೂದ ಇಲ್ಲಂತ್ರಿ."

"ಅಯ್ಯ, ಸಣ್ಣಾಂವ ಇದ್ದಾಗ ಆ ಕಣ್ಣು ಮೆಳ್ಳ ಇತ್ತವ್ವ, ದೊಡ್ಡಾಂವ ಆದಂಗ ತಾನ ನೆಟ್ಟಗಾತು," ಎಂದಳು ಬಾಳಕ್ಕ. "ಅವರಪ್ಪಗೂ ಇತ್ತು. ಲಕ್ಷ್ಮಿ ಕಳೆ ಅಂತ ಬಿಟ್ವಿ. ನೋಡು, ಕುವೈತಿಗೆ ಹೋದ!"