ಮುಚ್ಚಳಕ್ಕೆ ಕಿವಿಗೊಟ್ಟವನು

ಅನರ್ಥವೆಲ್ಲ ಆರಂಭವಾದದ್ದು ಬೆಳಗಿನ ರೇಡಿಯೊ ವಾರ್ತೆಯಿಂದ. ರಾಜಧಾನಿ ಸೋಫಿಯಾದ ಸರಕಾರ ಕಾರ್ಖಾನೆಗಳ ತೆರಿಗೆ ಇಳಿಸಿತ್ತು; ಉಳಿದ ಹಣದಲ್ಲಿ ಮಾಲೀಕರು ಹೊಸ ಕೆಲಸಗಳನ್ನು ಸೃಷ್ಟಿಸುವರೆಂದು ಮಂತ್ರಿ ಭರವಸೆಯಿತ್ತಿದ್ದ.

ರಾಂಗೆಲ್ ಅಡುಗೆಮನೆಯ ಕಿಟಕಿಯತ್ತ ನೋಡಿದ. ಅಲ್ಲಿನ ಕುರ್ಚಿಯಲ್ಲಿ ನಿರುದ್ಯೋಗಿ ಅಳಿಯ ಕ್ರುಮ್ ಎರಡು ವರ್ಷಗಳಿಂದ ಬೇರು ಬಿಟ್ಟು ಕುಳಿತಿದ್ದ.

“ಕೇಳಿಸ್ತೇ ಅಳಿಯಂದ್ರೇ? ಕೆಲಸ ಬರುತ್ತಂತೆ!”

“ಬರ್ಲಿ ಮಾವ, ನಾನೆಲ್ಲಿಗೂ ಹೋಗಲ್ಲ,” ಎಂದು ಕ್ರುಮ್ ಬ್ರೆಡ್ಡಿಗೆ ಇನ್ನೊಂದು ಪದರ ಬೆಣ್ಣೆ ಸವರಿದ.

ರಾಂಗೆಲ್‌ಗಿದ್ದ ಆಸೆ ಒಂದೇ: ಆ ಕುರ್ಚಿ ಖಾಲಿಯಾಗಬೇಕು. ಅವನು ದುಡಿಯುತ್ತಿದ್ದುದು ಕೆಂಪು ದೊಣ್ಣೆಮೆಣಸಿನಕಾಯಿಯ ಗೊಜ್ಜು ಮಾಡುವ ಕಾರ್ಖಾನೆಯಲ್ಲಿ. ಜಾಡಿಯ ಮುಚ್ಚಳವನ್ನು ಚಮಚದಿಂದ ತಟ್ಟಿ, ಸದ್ದು ಕೇಳಿಯೇ ಗಾಳಿ ಹೊಕ್ಕ ಜಾಡಿಯನ್ನು ಬೇರ್ಪಡಿಸುವುದು ಅವನ ಇಪ್ಪತ್ತಾರು ವರ್ಷಗಳ ವಿದ್ಯೆ. ಅಂಥ ಐವರು ಅಲ್ಲಿದ್ದರು.

ಮಾಲೀಕ ದಿಮೋವ್‌ಗೆಂದು ಒಂದು ತಟ್ಟೆ ತುಂಬ ಚೀಸ್ ಹೂರಣದ ಬಾನಿತ್ಸಾ ಹಿಡಿದು ಹೊರಟರೆ, ಮೆಟ್ಟಿಲಲ್ಲೇ ಕೆಳಮನೆಯ ತ್ಸೋನಾ ಅಡ್ಡಗಟ್ಟಿದಳು.

“ಏನು ವಿಶೇಷ ರಾಂಗೆಲಣ್ಣ?”

“ಅಳಿಯನಿಗೆ ಕೆಲಸ ಕೇಳೋಕೆ ಹೊರಟೆ.”

“ಹಾಗಾದ್ರೆ ಬಾಯಿ ಸಿಹಿ ಮಾಡು! ಹಂಚದ ಶುಭಸುದ್ದಿ ಹಳಸುತ್ತೆ.”

ಆ ಊರಿನಲ್ಲಿ ಈ ಮಾತಿಗೆ ಇಲ್ಲವೆನ್ನುವಂತಿಲ್ಲ. ಮೂರು ಮಹಡಿಯ ಕೈಗಳು ತಟ್ಟೆಗಿಳಿದವು. ಕಾರ್ಖಾನೆಯ ಬಾಗಿಲಲ್ಲಿ ಸಹೋದ್ಯೋಗಿಗಳೂ ಮಿಡತೆಗಳಂತೆ ಎರಗಿದರು. ಮಾಲೀಕನ ಮೇಜು ತಲುಪಿದ್ದು ಒಂದೇ ತುಂಡು, ಅದೂ ಅಂಚಿನದು.

ತಟ್ಟೆಯ ಕೊರತೆಯನ್ನು ರಾಂಗೆಲ್ ಮಾತಿನಿಂದ ತುಂಬತೊಡಗಿದ.

“ಒಂದು ಹೊಸ ಕೆಲಸವೇನೋ ಇದೆ. ನಿಮ್ಮ ಅಳಿಯನಿಗೆ ಏನು ಬರುತ್ತೆ?” ಎಂದ ದಿಮೋವ್.

“ನನ್ನ ವಿದ್ಯೆಯೆಲ್ಲ ಧಾರೆ ಎರೆದಿದೀನಿ ಸಾಹೇಬ್ರೇ. ನನ್ನ ಕಿವಿ ಏನೂ ಅಲ್ಲ. ಅವನು ಮುಚ್ಚಳ ನೋಡಿಯೇ ಸದ್ದು ಹೇಳ್ತಾನೆ!”

ದಿಮೋವ್‌ನ ಹುಬ್ಬೇರಿತು. “ಹೌದಾ? ಈಗಲೇ ಕಳಿಸಿ.”

ಸಂಜೆ ಶುಭಸುದ್ದಿಗೆ ಕಾದ ನೆರೆಯವರಿಂದ ರಾಂಗೆಲ್‌ನ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೂರು ವರ್ಷ ಕಾಪಿಟ್ಟಿದ್ದ ಪ್ಲಮ್ ಹಣ್ಣಿನ ಮದ್ಯ ರಾಕಿಯಾ ತಳ ಕಂಡಿತ್ತು. ಕಿಟಕಿಯ ಬಳಿ ಖಾಲಿ ಕುರ್ಚಿ ಹೊಳೆಯುತ್ತಿತ್ತು. ಅಷ್ಟರಲ್ಲಿ ಹೊಸ ನೀಲಿ ಅಂಗಿ ತೊಟ್ಟ ಕ್ರುಮ್ ಒಳಬಂದ.

“ಕೆಲಸ ಸಿಕ್ತು ಮಾವ! ತೆರಿಗೆ ಉಳಿದ ದುಡ್ಡಲ್ಲಿ ಸಾಹೇಬ್ರು ಯಂತ್ರ ತಂದಿದಾರೆ. ಅದೇ ಮುಚ್ಚಳ ತಟ್ಟುತ್ತೆ, ಅದೇ ಕೇಳುತ್ತೆ. ನೋಡ್ಕೊಳ್ಳೋಕೆ ಒಬ್ಬ ಸಾಕಂತೆ.”

“ಮತ್ತೆ ನಾವು ಐದು ಜನ?”

ಕ್ರುಮ್ ಜೇಬಿನಿಂದ ಮಾವನ ಹೆಸರಿನ ಲಕೋಟೆ ತೆಗೆದ. “ಆ ಒಬ್ಬ ನೀವೇ ಆಗ್ಬೇಕಿತ್ತಂತೆ. ಆದ್ರೆ ನನ್ನ ಕಿವೀನೇ ಚುರುಕು ಅಂತ ನೀವೇ ಹೇಳಿದ್ರಂತಲ್ಲ.”

ನೆರೆಯವರು ಒಬ್ಬೊಬ್ಬರಾಗಿ ಜಾರಿಕೊಂಡರು. ಉಳಿದಿದ್ದ ಚೀಸ್ ತುಂಡನ್ನು ತ್ಸೋನಾ ಜತೆಗೊಯ್ದಳು.

ಊಟಕ್ಕೆ ಕ್ರುಮ್ ಯಜಮಾನನ ಜಾಗದಲ್ಲಿ ಕುಳಿತ. ಉಳಿದದ್ದು ಕಿಟಕಿ ಪಕ್ಕದ ಕುರ್ಚಿಯೊಂದೇ. ರಾಂಗೆಲ್ ಅದರಲ್ಲಿ ಕುಸಿದು, ಬ್ರೆಡ್ಡಿಗೆ ಕೈ ಚಾಚಿದ.

“ಮಾವ,” ಎಂದ ಕ್ರುಮ್ ಮೆಲ್ಲಗೆ, “ಬೆಣ್ಣೆ ಸ್ವಲ್ಪ ತೆಳ್ಳಗೆ ಸವರ್ಕೊಳ್ಳಿ. ಮನೇಲಿ ದುಡಿಯೋನು ಒಬ್ನೇ.”